ವಾಸದ ಮನೆ

ಲಾಳಿಯ ಸದ್ದು ನಿಂತಿತು, ಅಲ್ಲ, ತುಳಿಯುತ್ತಿದ್ದ ನನ್ನ ಕಾಲೇ ತಪ್ಪಿತು, ಕುಣಿಯೊಳಗಿನ ಮಣ್ಣು ಅಂಗಾಲಿಗೆ ಎಷ್ಟು ತಂಪು, ಅರವತ್ತೆರಡರ ವಯಸ್ಸಿನಲ್ಲಿ ನೆಲಕ್ಕೆ ತೋಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ, ಮುಂದೆ ಅರ್ಧ ನೇಯ್ದ ಇಳಕಲ್ ಸೀರೆ, ನಗು ತಡೆಯಲಾಗುತ್ತಿಲ್ಲ — ಮಗ್ಗದ ಒಡತಿ ದೌಲತಬಿ ಬಿಟ್ಟರೆ ತಾನೆ, ಅವತ್ತ ಟೇಪ್ ಹಿಡದು ಅಳದ್ರಿ ಸಾಹೇಬ್ರ, ಇವತ್ತ ಕಾಲಿಟ್ಟು ನೋಡ್ರಿ, ಎಂದು ಕೂಡಿಸಿಯೇಬಿಟ್ಟಳು. ಅವತ್ತು, ಇಪ್ಪತ್ತೆರಡು ವರ್ಷದ ಹಿಂದೆ, ಅಣೆಕಟ್ಟಿನ ಮುಳುಗಡೆ ಸರ್ವೆಗೆ ಬಂದ ಎಂಜಿನಿಯರು ನಾನು, ಹೊಳೆದಂಡೆಯ ಅವಳ ಮನೆಗೆ ಬೂಟುಗಾಲಲ್ಲೇ ನುಗ್ಗಿದೆ, ಒಳಗೆಲ್ಲ ಮಗ್ಗವೇ, ಮಗ್ಗದ ಶೆಡ್ಡು, ವಾಸವಿಲ್ಲ, ಎಂದು ಬರೆದು ಹೊರಬಿದ್ದೆ, ಮಗ್ಗದ ಪಕ್ಕ ಮಡಿಸಿಟ್ಟ ಹಾಸಿಗೆ, ಕೌದಿ ಕಾಣಲಿಲ್ಲವೇ, ಕಂಡಿತ್ತು, ಕಂಡೂ ಬರೆಯಲಿಲ್ಲ, ನೀರು ಏರಿತು, ಊರವರಿಗೆಲ್ಲ ನಿವೇಶನ ಸಿಕ್ಕಿತು, ಇವಳಿಗಿಲ್ಲ, ಶೆಡ್ಡಿಗೆ ಯಾರು ಕೊಡುತ್ತಾರೆ. ಆ ನಾಚಿಕೆಗೇ ನೌಕರಿ ಬಿಟ್ಟೆ, ಬೂಟನ್ನೂ ಬಿಟ್ಟೆ, ಶಿರೂರು, ಕಮತಗಿ, ಹುನಗುಂದ, ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಬಾಗಿಲು ಹುಡುಕಿಕೊಂಡು ಹೋದೆ, ಅರ್ಜಿ ಬರೆದೆ, ಧರಣಿ ಕೂತೆ, ದೇವರಿಲ್ಲ ಅಂತೀರಿ, ಊರೂರು ಮಾತ್ರ ಜಂಗಮನಂಗ ತಿರಗ್ತೀರಿ, ಎಂದು ಹೆಂಡತಿ ಮಹಾದೇವಿ ಕಾಡುತ್ತಾಳೆ, ಕಾಡಲಿ, ಇಷ್ಟು ಸುಖ ನನಗೆ ಸಂಬಳದಲ್ಲಿ ಎಂದೂ ಸಿಕ್ಕಿರಲಿಲ್ಲ.

ಆದರೆ ಇವತ್ತು ಕಣ್ಣು ಬಾಗಿಲ ಮೇಲೇ ಇದೆ, ದಿಬ್ಬದ ಸರ್ಕಾರಿ ಜಾಗದಲ್ಲಿ ದೌಲತಬಿ ತಾನೇ ಕಟ್ಟಿಕೊಂಡ ಈ ಕೋಣೆ ಮನೆ ಹೌದೋ ಅಲ್ಲವೋ ನೋಡಲು ಈಗಿನ ಸರ್ವೆಯ ಎಂಜಿನಿಯರು ಲಲಿತಾ ಬರುತ್ತಾಳೆ, ಮನೆ ಎಂದರೆ ಹಕ್ಕುಪತ್ರ, ಶೆಡ್ಡು ಎಂದರೆ ಮತ್ತೆ ಬೀದಿ — ಇವತ್ತೊಂದು ದಿನ ಮಗ್ಗ ಬಿಚ್ಚಿಡು ಎಂದು ದೌಲತಬಿಯನ್ನು ಬೇಡಿಕೊಂಡೆ, ಮಗ್ಗ ಇಲ್ಲದ್ದು ನಮ್ಮ ಮನಿ ಹೆಂಗ ಆಗ್ತೈತ್ರಿ, ಎಂದಳು. ಸ್ಕೂಟರು ನಿಂತಿತು, ಬಂದೇಬಿಟ್ಟಳು, ನಾನಿನ್ನೂ ಕುಣಿಯಲ್ಲೇ, ಏಳಬೇಕು, ಮಂಡಿ ಕೇಳುತ್ತಿಲ್ಲ, ಬಾಗಿಲಲ್ಲಿ ಲಲಿತಾ, ಕೈಯಲ್ಲಿ ಮೊಬೈಲು, ಮಗ್ಗ ನೋಡುತ್ತಾಳೆ, ಕುಣಿ ನೋಡುತ್ತಾಳೆ, ನನ್ನನ್ನೂ, ಬೇಡ ಮಗಳೇ, ನಾನು ಬರೆದದ್ದನ್ನು ನೀನು ಬರೆಯಬೇಡ, ಅವಳು ಒಳಗೆ ಬರಲಿಲ್ಲ, ಯಾಕೆ, ಬಗ್ಗಿದಳು, ಪಟ್ಟಿ ಬಿಚ್ಚಿದಳು, ಒಂದು ಚಪ್ಪಲಿ, ಇನ್ನೊಂದು, ಹೊಸ್ತಿಲಾಚೆ ಬಿಟ್ಟು ಬರಿಗಾಲಲ್ಲಿ ಬಂದಳು — ಎಷ್ಟ ಮಂದಿ ಮಲಗ್ತೀರಿ ಅವ್ವಾರ, ನಾಕ ಮಂದಿರಿ, ಬರೆಯುತ್ತಿದ್ದಾಳೆ, ಬಾಯಲ್ಲಿ ಹೇಳಿಕೊಳ್ಳುತ್ತಲೇ, ವಾಸದ ಮನೆ, ನಾಲ್ಕು ಜನ, ದೌಲತಬಿ ಚಹಾಕ್ಕೆ ಇಡುತ್ತಿದ್ದಾಳೆ, ಏಳ್ರಿ ಸಾಹೇಬ್ರ, ಅನ್ನುತ್ತಿದ್ದಾಳೆ, ಏಳುತ್ತೇನೆ, ತಡಿ, ಹೊಸ್ತಿಲಾಚೆ ಚಪ್ಪಲಿ, ಹೊಸ್ತಿಲಾಚೆ, ಎರಡು ಚಪ್ಪಲಿ