ಅರ್ಧ ಬೆರಳಿನಷ್ಟು

ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ. ಮೊದಲ ಕೋಣೆಯ ಕಿಟಕಿಗೆ ಒರಗಿದಂತೆ ಅವಳ ಹೊಲಿಗೆ ಮಷಿನ್ನು. ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ, ಹೊಲಿದ ಬಟ್ಟೆಯನ್ನು ಮೈಗೆ ಕೂರಿಸಿಕೊಡುವುದು ಅವಳ ಕೆಲಸ. ಬೀದಿಯಲ್ಲಿ ಯಾರು ಊದಿಕೊಂಡರು, ಯಾರು ಇಳಿದುಹೋದರು ಎಂಬುದು ಅವರವರ ಮನೆಯ ಕನ್ನಡಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು.

"ಎರಡಿಂಚು ಬಿಡ್ಬೇಕಾಗತ್ತೆ ಅಕ್ಕ."

"ಮೆಲ್ಲಗೆ ಹೇಳಮ್ಮ ತಾಯಿ! ಕೆಳಗಿನವ್ರಿಗೆ ಕೇಳಿದ್ರೆ ಟೈರಿಗೆ ಗಾಳಿ ಹೊಡೆಯೋದು ಬಿಟ್ಟು ನನ್ನನ್ನೇ ನೋಡ್ತಾರೆ."

ಅವಳು ನಗುತ್ತಿರಲಿಲ್ಲ, ತುಟಿಯಲ್ಲಿ ಗುಂಡುಸೂಜಿಗಳಿರುತ್ತಿದ್ದವು. ಅವಳ ಬದಲಿಗೆ ಮೂಲೆಯಲ್ಲಿ ಕೂತು ಬಣ್ಣದ ಚಿಂದಿ ಜೋಡಿಸುತ್ತಿದ್ದ ಮಗಳು ಕಿಸಕ್ಕನೆ ನಗುತ್ತಿದ್ದಳು. ಏಳು ವರ್ಷದ ಆ ಮಗಳನ್ನು ಮನೆಯವರೂ ಬೀದಿಯವರೂ ಚೂಟಿ ಎಂದೇ ಕರೆಯುತ್ತಿದ್ದರು.

ಗಂಡನಿಗೆ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಮೂಟೆಯನ್ನು ನೆಲದಿಂದ ಒಂದು ಗೇಣು ಎತ್ತಿದರೆ ಸಾಕು, ಇಷ್ಟೇ ತೂಕ ಎಂದು ಹೇಳಿಬಿಡುತ್ತಿದ್ದ. ಅರ್ಧ ಕೆಜಿ ಆಚೀಚೆ ಆದರೆ ಹೆಚ್ಚು. ಜೊತೆಯವರು ಅವನಿಗೆ ತಕ್ಕಡಿ ಎಂದೇ ಹೆಸರಿಟ್ಟಿದ್ದರು. ಸಂಜೆ ಅವನ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದ್ದೇ ತಡ, ಚೂಟಿ ಬಾಗಿಲಿಗೆ ಓಡುತ್ತಿದ್ದಳು. ಅವನು ಎರಡು ಕೈಯಲ್ಲೂ ಎತ್ತಿ ತೂಗಿ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದ: "ಇಪ್ಪತ್ತೊಂದು ಕೆಜಿ! ಒಂದು ಗ್ರಾಂ ಕಮ್ಮಿ ಇಲ್ಲ!"

"ಮೋಸ ಅಪ್ಪಾ, ಚಪ್ಪಲಿ ಬಿಡಿಸ್ಲೇ ಇಲ್ಲ ನೀನು!"

"ಚಪ್ಪಲಿ ತೂಕ ಬಿಟ್ಟೇ ಹೇಳಿದ್ದು ಕಣೇ ಕಳ್ಳಿ."

ಹಿಂದಿನ ವರ್ಷ ಚೂಟಿಗೆ ರಕ್ತದ ಕಾಯಿಲೆ ಬಂದಿತ್ತು. ಎಂಟು ತಿಂಗಳು ಆಸ್ಪತ್ರೆ. ಕೂದಲೆಲ್ಲ ಉದುರಿ ಮತ್ತೆ ಬಂದಿತ್ತು, ಈ ಸಲ ಗುಂಗುರಾಗಿ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಎರಡು ತಿಂಗಳಿಗೊಮ್ಮೆ ನಾನು ನೋಡ್ತೀನಿ. ಮಧ್ಯೆ ನೋಡೋರು ನೀವು. ಊಟ ಬಿಟ್ರೆ, ಸುಸ್ತಾದ್ರೆ, ಬಟ್ಟೆ ಸಡಿಲ ಆದ್ರೆ ತಾರೀಕಿಗೆ ಕಾಯ್ಬೇಡಿ. ಅವತ್ತೇ ಬನ್ನಿ."

ಇಬ್ಬರೂ ಕತ್ತು ಆಡಿಸಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇವೆ ಎಂದು ಗಂಡ ಹೇಳಿದ್ದ.

ಒಂದು ಮಧ್ಯಾಹ್ನ ಚೂಟಿ ಶಾಲೆಯಿಂದ ಅಳುತ್ತ ಬಂದಳು. ಸಾಲಿನಲ್ಲಿ ನಿಂತಿದ್ದಾಗ ಸ್ಕರ್ಟು ಸೊಂಟದಿಂದ ಜಾರಿತಂತೆ, ಹಿಂದಿನವರು ನಕ್ಕರಂತೆ. "ಇನ್ನು ನಾನು ಶಾಲೆಗೇ ಹೋಗಲ್ಲ."

ಅವಳು ಮಗಳ ಸೊಂಟಕ್ಕೆ ಟೇಪು ಸುತ್ತಿದಳು. ಅಳತೆ ಇಳಿದಿತ್ತು. ಸ್ವಲ್ಪವೇ, ಅರ್ಧ ಬೆರಳಿನಷ್ಟು. ಮೊದಲು ಅಳು ನಿಲ್ಲಲಿ ಎಂದು ಸ್ಕರ್ಟನ್ನು ತಿರುವಿ ಎರಡು ಕಡೆ ಹಿಡಿದು ಹೊಲಿದಳು. ಹತ್ತು ನಿಮಿಷದ ಕೆಲಸ. ತೊಡಿಸಿ ನೋಡಿದರೆ ಅಚ್ಚು ಹೊಡೆದಂತೆ ಕೂತಿತ್ತು. ಚೂಟಿ ಗಿರಗಿರನೆ ತಿರುಗಿ, "ಈಗ ಜಾರು ನೋಡೋಣ!" ಎಂದು ಸ್ಕರ್ಟಿಗೇ ಸವಾಲು ಹಾಕಿದಳು.

ಅವತ್ತು ಗಂಡನಿಗೆ ಹೇಳಬೇಕೆಂದೇ ಬಾಗಿಲಲ್ಲಿ ನಿಂತಳು. ಅವನು ಮಗಳನ್ನು ಎತ್ತಿ, ಇನ್ನೊಂದು ಸಲ ತೂಗಿ ನೋಡಿ, "ಇಪ್ಪತ್ತೊಂದು!" ಎಂದು ಕೂಗಿದ. ಅವಳಿಗೆ ಹೋದ ಜೀವ ಬಂದಂತಾಯಿತು. ಹೇಳಬೇಕೆಂದಿದ್ದನ್ನು ಹೇಳದೆ ಒಳಗೆ ಹೋದಳು. ಅವನ ಕೈ ತಪ್ಪುವ ಕೈಯಲ್ಲ, ತಪ್ಪಿದ್ದರೆ ತನ್ನ ಟೇಪೇ ತಪ್ಪಿರಬೇಕು, ಹಳೆಯ ಟೇಪು ಎಳೆದು ಎಳೆದು ಉದ್ದವಾಗಿರಬೇಕು.

ಹತ್ತು ದಿನಕ್ಕೆ ಮತ್ತೆ ಅರ್ಧ ಬೆರಳು. ಆಮೇಲೆ ಫ್ರಾಕುಗಳು. ಆಮೇಲೆ ಮನೆಯಲ್ಲಿ ತೊಡುವ ಚಡ್ಡಿಗಳ ಎಲಾಸ್ಟಿಕ್ಕು. ಸಡಿಲವಾದ ಬಟ್ಟೆ ಕಂಡರೆ ಅವಳ ಕೈ ಅವಳ ಮಾತನ್ನೇ ಕೇಳುತ್ತಿರಲಿಲ್ಲ. ಪ್ರತಿ ಸಲ ಹೊಲಿಗೆ ಮುಗಿಸಿ ಮಗಳಿಗೆ ತೊಡಿಸಿ ದೂರ ನಿಂತು ನೋಡುತ್ತಿದ್ದಳು. ಎಲ್ಲವೂ ಸರಿಯಾಗಿ ಕೂತಿರುತ್ತಿತ್ತು. ಕೂತಿದ್ದನ್ನು ನೋಡಿ ತಾನೇ ನಂಬಿಬಿಡುತ್ತಿದ್ದಳು. ಬೀದಿಯವರ ಮೈಯನ್ನೆಲ್ಲ ಓದಬಲ್ಲವಳು ಮನೆಯ ಮೈಯೆದುರು ಕುರುಡಿಯಾದಳು.

ತಟ್ಟೆಯಲ್ಲಿ ಊಟ ಉಳಿಯತೊಡಗಿತು. "ಶಾಲೇಲಿ ತಿಂದೆ ಅಮ್ಮ" ಎಂದರೆ ಅದನ್ನೂ ನಂಬಿದಳು.

ಐದು ವಾರ ಹೀಗೇ ಹೋಯಿತು. ಆಸ್ಪತ್ರೆಯ ತಾರೀಕು ಬಂತು, ಮೂವರೂ ಹೋದರು.

ತೂಕದ ಯಂತ್ರದ ಮೇಲೆ ಚೂಟಿ ಸಿಪಾಯಿಯ ಹಾಗೆ ನಿಂತಳು. "ಇಪ್ಪತ್ತೊಂದು ಅಂತ ಬರ್ಕೊಳ್ಳಿ ಸಿಸ್ಟರ್, ನಮ್ಮಪ್ಪ ಆಗ್ಲೇ ತೂಗಿದ್ದಾರೆ."

ನರ್ಸು ನಗುತ್ತ ಬಗ್ಗಿದಳು. ನಗು ಅಲ್ಲೇ ನಿಂತಿತು. "ಹದಿನೇಳೂವರೆ."

ಡಾಕ್ಟರಮ್ಮ ಚೂಟಿಯ ಕತ್ತು ಮುಟ್ಟಿದರು, ಹೊಟ್ಟೆ ಒತ್ತಿದರು, ರಕ್ತಕ್ಕೆ ಕಳಿಸಿದರು. ರಿಪೋರ್ಟು ಬಂದ ಮೇಲೆ ಚೂಟಿಯನ್ನು ನರ್ಸಿನ ಜೊತೆ ಆಚೆ ಕಳಿಸಿ ಬಾಗಿಲು ಹಾಕಿದರು.

"ಕಾಯಿಲೆ ಮತ್ತೆ ಬಂದಿದೆ. ಇವತ್ತೇ ಅಡ್ಮಿಟ್ ಮಾಡ್ಬೇಕು." ಹಿಂದಿನ ಸಲದ ತೂಕದ ಚೀಟಿ ತೆಗೆದು ನೋಡಿ ಕೇಳಿದರು: "ಬಟ್ಟೆ ಸಡಿಲ ಆಗಿರ್ಲಿಲ್ವಾ? ಮೂರೂವರೆ ಕೆಜಿ ಇಳಿದಿದ್ದಾಳೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. "ಆಗಿತ್ತು ಮೇಡಂ. ನಾನೇ ಟೈಟ್ ಮಾಡಿದೆ. ನಾಲ್ಕು ಸಲ. ಮೊದಲನೇ ಸಲನೇ ಬಂದಿದ್ರೆ..."

ಡಾಕ್ಟರಮ್ಮ ಬೈಯಲಿಲ್ಲ. ಸಮಾಧಾನದ ಸುಳ್ಳನ್ನೂ ಹೇಳಲಿಲ್ಲ. "ಬಂದಿದ್ರೆ ಒಳ್ಳೇದಿತ್ತು. ಎಷ್ಟು ಒಳ್ಳೇದು ಅನ್ನೋದು ನನಗೂ ಗೊತ್ತಿಲ್ಲ ಕಣಮ್ಮ."

ಚೂಟಿಯ ಕೈಗೆ ಸೂಜಿ ಹಾಕಿ ಮಲಗಿಸಿದ ಮೇಲೆ ಇಬ್ಬರೂ ವಾರ್ಡಿನ ಹೊರಗೆ ನೀರಿನ ನಲ್ಲಿಯ ಪಕ್ಕದ ಬೆಂಚಿನಲ್ಲಿ ಕೂತರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೋ ಅದರ ಬಾಯಿಗೆ ಬಟ್ಟೆ ಕಟ್ಟಿದ್ದರು.

"ಬೈಯ್ರಿ. ಹೊಡೆಯೋದಾದ್ರೂ ಹೊಡೀರಿ, ಹೀಗೆ ಸುಮ್ನಿರ್ಬೇಡಿ" ಎಂದಳು.

"ಏನಂತ ಬೈಯ್ಲಿ? ನಂಗೂ ಗೊತ್ತಿತ್ತು ಕಣೇ."

"ಏನ್ ಗೊತ್ತಿತ್ತು?"

"ದಿನಾ ಎತ್ತೋನು ನಾನು." ಅವನು ತನ್ನ ಎರಡು ಅಂಗೈಗಳನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟುಕೊಂಡ. "ಮೊದಲು ಇಪ್ಪತ್ತು ಇತ್ತು. ಆಮೇಲೆ ಹತ್ತೊಂಬತ್ತು. ನೀನು ಬಾಗಿಲಲ್ಲಿ ನಿಂತು ಕೇಳಿಸ್ಕೋತಿದ್ದೆ. ನಿನ್ನ ಮುಖ ನೋಡಿ ಕಮ್ಮಿ ಹೇಳೋಕೆ ನಾಲಿಗೆ ಬರ್ಲಿಲ್ಲ. ಬಟ್ಟೆ ನೋಡಿದ್ರೆ ಸರಿಯಾಗೇ ಇದೆ. ಬಟ್ಟೆ ವಿಷಯದಲ್ಲಿ ಇವಳು ತಪ್ತಾಳಾ, ನಂದೇ ಕೈ ಕೆಟ್ಟಿದೆ ಅಂದ್ಕೊಂಡೆ."

ಅವಳಿಗೆ ಸಿಟ್ಟು ಬಂತು. "ನೀವು ಇಪ್ಪತ್ತೊಂದು ಅಂದಿದ್ದಕ್ಕೆ ತಾನೆ ನಾನು ಸುಮ್ನಾಗಿದ್ದು! ಗಂಡಸಾಗಿ ಒಂದು ಮಾತು ಹೇಳೋಕಾಗ್ಲಿಲ್ವಾ?"

"ನಿಂಗಾಯ್ತಾ?"

ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಮಗುವನ್ನು ನಡುವೆ ಹಾಕಿಕೊಂಡು, ಐದು ವಾರ ಒಬ್ಬರ ಸುಳ್ಳನ್ನು ಒಬ್ಬರು ನಂಬಿದ್ದರು. ಅವಳು ಅತ್ತಳು. ಅವನು ಅಳಲಾರದೆ ಎದ್ದುಹೋಗಿ ನಲ್ಲಿಯನ್ನು ಬಿಗಿದು ಬಂದ. ಅದು ಮತ್ತೂ ತೊಟ್ಟಿಕ್ಕಿತು.

ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬೇರೆ ಊರಿನಲ್ಲಿರುವ ಅವನ ತಾಯಿ. "ಏನಂದ್ರಪ್ಪಾ ಡಾಕ್ಟ್ರು?"

"ಏನಿಲ್ಲಮ್ಮ, ಎಲ್ಲಾ ಸರಿ ಇದೆ, ಸುಮ್ನೆ ಎರಡು ದಿನ ಇಲ್ಲೇ..."

ಅವಳು ಕೈಚಾಚಿದಳು. ಅತ್ತೆಯ ಹತ್ತಿರ ಹೂಂ, ಸರಿ ಎಂಬುದರ ಆಚೆಗೆ ಮಾತಾಡಿ ಗೊತ್ತಿಲ್ಲದವಳು. ಅವನು ಹುಬ್ಬೇರಿಸಿ ಫೋನು ಕೊಟ್ಟ.

"ಅತ್ತೆ, ಚೂಟಿಗೆ ಚೆನ್ನಾಗಿಲ್ಲ. ಕಾಯಿಲೆ ಮತ್ತೆ ಬಂದಿದೆ. ಹದಿನೇಳೂವರೆ ಕೆಜಿ ಆಗಿದ್ದಾಳೆ." ದನಿ ಒಡೆಯಿತು, ಆದರೂ ಬಿಡಲಿಲ್ಲ. "ಉಳೀತಾಳೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ನೀವು ಬನ್ನಿ."

ಆ ಕಡೆ ಅತ್ತೆ ಮೂಗೊರೆಸಿಕೊಂಡು, "ಬರ್ತೀನಿ ಮಗಳೇ. ಬೆಳಗಿನ ಬಸ್ಸಿಗೇ ಬರ್ತೀನಿ. ನೀನು ಏನಾದ್ರೂ ತಿಂದ್ಯಾ?" ಎಂದರು.

"ಇಲ್ಲ" ಎಂದಳು. ಅದೂ ನಿಜವೇ ಆಗಿತ್ತು.

ಒಳಗಿನಿಂದ ಚೂಟಿ ಕರೆದಳು. "ಅಮ್ಮಾ, ನನ್ನ ಬಿಟ್ಟು ಅಲ್ಲಿ ಇಬ್ರೂ ಏನ್ ಗುಸುಗುಸು?"

ಗಂಡ ಅವಳ ಮುಖ ನೋಡಿದ. "ಚೂಟಿಗೆ ಏನ್ ಹೇಳೋದು?"

"ಅವಳಿಗೂ ಹೇಳೋಣ. ಅವಳಿಗೆ ತಿಳಿಯೋ ಹಾಗೆ. ನೀವೂ ಬನ್ನಿ, ನನ್ನೊಬ್ಬಳ ಕೈಲಾಗಲ್ಲ."

ಇಬ್ಬರೂ ಮುಖ ತೊಳೆದುಕೊಂಡು ಒಳಗೆ ಹೋದರು.