ಜೇನಿಗೆ ಬಿದ್ದ ಚಪ್ಪಾಳೆ

ರೋಲರ್ ಮಾವ ತಲೆ ಎತ್ತಿ ನಡೆದದ್ದನ್ನು ಆ ಕ್ರಿಕೆಟ್ ಮೈದಾನದಲ್ಲಿ ಯಾರೂ ಕಂಡವರಿಲ್ಲ. ಸೂಜಿ ಕಳೆದುಕೊಂಡವರ ಹಾಗೆ ನೆಲವನ್ನೇ ನೋಡುತ್ತ, ಬರಿಗಾಲಲ್ಲಿ, ಹಿಮ್ಮಡಿಯಿಂದ ಮಣ್ಣಿನ ಗಟ್ಟಿತನವನ್ನು ಅಳೆಯುತ್ತ ನಡೆಯುವುದು ಅವನ ರೀತಿ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಪಿಚ್ಚು ಅವನದೇ ಕೈಕೆಲಸ. ಮಣ್ಣು ಹಾಕಿ, ನೀರುಣಿಸಿ, ರೋಲರ್ ಎಳೆದು, ಪಂದ್ಯಕ್ಕೆ ಎರಡು ದಿನ ಮುಂಚೆ ನೀರು ನಿಲ್ಲಿಸಿದನೆಂದರೆ ಮುಗಿಯಿತು. ಆಮೇಲೆ ಯಾರಾದರೂ ಬಾಟಲಿ ಹಿಡಿದು ಅಲ್ಲಿ ನಿಂತರೂ ಅವನಿಗೆ ಮೈಯೆಲ್ಲ ಉರಿ. "ಕುಡಿಯೋದಿದ್ರೆ ಗೆರೆಯಾಚೆ ಹೋಗಿ ಕುಡಿಯಪ್ಪ, ಗೊತ್ತಾಯ್ತಾ" ಎಂದು ತಂಡದ ನಾಯಕನನ್ನೇ ಅಟ್ಟಿದವನು.

ಇಂಥವನ ಹೊಟ್ಟೆಗೆ ಕಿಚ್ಚಿಟ್ಟದ್ದು ಒಂದು ಜೇನುಹಿಂಡು. ಹೋದ ವರ್ಷ ಪಂದ್ಯದ ನಡುವೆ ಎಲ್ಲಿಂದಲೋ ಬಂದ ಹುಳುಗಳು ಸ್ಟಂಪುಗಳಿಗೆ ದ್ರಾಕ್ಷಿಗೊಂಚಲಿನಂತೆ ಜೋತುಬಿದ್ದವು. ಆಟಗಾರರು, ಅಂಪೈರುಗಳು ಇದ್ದಲ್ಲೇ ಬೋರಲು ಮಲಗಿದರು. ಪೆಟ್ಟಿಗೆ ಹಿಡಿದು ಜೇನು ಸಾಕುವವನೊಬ್ಬ ಬಂದ. ಮುಖಕ್ಕೆ ಬಲೆ, ನಡಿಗೆಯಲ್ಲಿ ಮದುವೆಗಂಡಿನ ಗತ್ತು. ಕುಂಚದಿಂದ ಹುಳುಗಳನ್ನು ಮೆತ್ತಗೆ ಪೆಟ್ಟಿಗೆಗೆ ಸವರಿಕೊಂಡ. ಇಡೀ ಮೈದಾನ ಎದ್ದುನಿಂತು ಚಪ್ಪಾಳೆ ತಟ್ಟಿತು. ಅವನೋ ಬಲೆ ಎತ್ತಿ ಕೈ ಬೀಸಿದ, ಪಿಚ್ಚಿನ ನಟ್ಟನಡುವೆ, ಬೂಟುಗಾಲಲ್ಲಿ. ಯಾರಿಗೆ ತಾನೇ ಉರಿಯುವುದಿಲ್ಲ?

ಅಂದಿನಿಂದ ಮನೆಯಲ್ಲಿ ಅದೇ ಪುರಾಣ.

"ಅವನ್ದು ಏಳು ನಿಮಿಷದ ಕೆಲಸ ಕಣೇ. ನಂದು ಇಪ್ಪತ್ತೆರಡು ವರ್ಷ."

"ರೋಲರ್ ಎಳೆಯೋದನ್ನ ನೋಡೋಕೆ ಯಾರಾದ್ರೂ ಟಿಕೆಟ್ ತಗೋತಾರೇನ್ರೀ?" ಹೆಂಡತಿ ಬಟ್ಟೆ ಮಡಚುತ್ತ ಅಂದಳು. "ನೀವೂ ಒಂದು ಬಲೆ ಹಾಕ್ಕೊಳ್ಳಿ. ಮುಖ ಕಾಣ್ದಿದ್ರೆ ಇನ್ನೂ ಜೋರಾಗಿ ತಟ್ತಾರೆ."

ಈ ವರ್ಷ, ಫೈನಲ್ ದಿನವೇ ಹುಳುಗಳು ಮತ್ತೆ ಬಂದು ಸ್ಟಂಪುಗಳಿಗೇ ಜೋತುಬಿದ್ದವು. ಕ್ಲಬ್ಬಿನ ಕಾರ್ಯದರ್ಶಿ ಜೇನಿನವನನ್ನು ಕರೆಯಲು ಫೋನ್ ತೆಗೆದರು.

"ಅವನ್ಯಾಕೆ ಸಾರ್? ಇದು ನನ್ನ ಮೈದಾನ, ಗೊತ್ತಾಯ್ತಾ" ಎಂದವನೇ ರೋಲರ್ ಮಾವ ನೀರಿನ ಪೈಪನ್ನು ಹೆಗಲಿಗೇರಿಸಿ ನಡೆದ. ನೀರು ಚಿಮ್ಮಿತು, ಹುಳುಗಳು ಚದುರಿದವು, ಚಪ್ಪಾಳೆ ಬಿತ್ತು. ಮೇಲಿನ ಗ್ಯಾಲರಿಯಿಂದ ಸಿಳ್ಳೆಯೂ ಬಂತು. ಕತ್ತಿಗೆ ಎರಡು ಹುಳು ಕುಟುಕಿದ್ದು ಅವನಿಗೆ ತಿಳಿಯಲೇ ಇಲ್ಲ. ಒಂದು ಕೈಯಲ್ಲಿ ಸುರಿಯುವ ಪೈಪು, ಇನ್ನೊಂದು ಕೈ ಆಕಾಶಕ್ಕೆ. ನಾಲ್ಕೂ ದಿಕ್ಕಿಗೆ ನಿಧಾನವಾಗಿ ತಿರುಗಿದ.

ಕಾಲ್ಬೆರಳ ಸಂದಿಗೆ ಕೆಸರು ಏರಿದಾಗ ಚಪ್ಪಾಳೆ ಆಗಲೇ ನಿಂತಿತ್ತು. ಅಂಪೈರು ಬಗ್ಗಿ ಪಿಚ್ಚನ್ನು ಬೆರಳಿನಿಂದ ಒತ್ತಿ ನೋಡಿದರು, ಬೆರಳು ಇಳಿಯಿತು. ಫೈನಲ್ ರದ್ದಾಯಿತು.

ಜನ ಬೈಯುತ್ತ ಕರಗಿದ ಮೇಲೆ, ಕಾರ್ಯದರ್ಶಿ ಆದರೂ ಮಾಡಿದ್ದ ಫೋನಿಗೆ ಓಗೊಟ್ಟು ತಡವಾಗಿ ಬಂದ ಜೇನಿನವನು ಪೆಟ್ಟಿಗೆ ಕೆಳಗಿಟ್ಟು ಕೇಳಿದ: "ಏನಣ್ಣಾ ಇದು? ಹೋದ ಸಲ ಕಾಲಿಟ್ಟಾಗ ಸಿಮೆಂಟ್ ಹಾಕಿದಾರೆ ಅಂದ್ಕೊಂಡಿದ್ದೆ. ಅಷ್ಟು ಚೆನ್ನಾಗಿ ಯಾರು ಮಾಡಿದ್ರೋ, ಪಾಪ."

ರೋಲರ್ ಮಾವ ಪೈಪು ಸುತ್ತುತ್ತಲೇ ಇದ್ದ.

ಕಣ್ಣಿಗೆ ಬೀಳದ ಕೆಲಸ ಮಾಡುವ ಮಂದಿ ಹೀಗೆಯೇ. ಹೊಗಳಿಕೆಯೇ ಇಲ್ಲದೆ ಅರ್ಧ ಆಯುಷ್ಯ ಸವೆಸಿಯಾರು. ಪಕ್ಕದವನಿಗೆ ಅದು ಸಿಕ್ಕ ದಿನ ಮಾತ್ರ, ತಾವು ಕಟ್ಟಿದ್ದನ್ನು ತಮ್ಮ ಕೈಯಾರೆ ತುಳಿದುಬಿಡುತ್ತಾರೆ.