ಹದಿನಾಲ್ಕು ಸಾವಿರ ಹೆಜ್ಜೆ

ಗೋವಾದ ವೆರ್ಣಾದ ಕಾರ್ಖಾನೆಯೊಂದರಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಶಂಕರಲಿಂಗನಿಗೆ ತನ್ನ ಹೊಟ್ಟೆಯ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಸ್ಟೇರಿಂಗಿಗೂ ಸೀಟಿಗೂ ನಡುವೆ ಅದನ್ನು ಹೊಂದಿಸಿ ಕೂರುವುದೇ ದಿನದ ಮೊದಲ ಕೆಲಸ. ತುಟಿಯಡಿ ತಂಬಾಕು, ಕ್ಯಾಂಟೀನಿನಲ್ಲಿ ಎರಡು ತಟ್ಟೆ ಭಜಿ. ವಾಸ್ಕೋದ ಬಾಡಿಗೆ ಮನೆಯಿಂದ ಕಂಪನಿ ಬಸ್ಸು ನಿಲ್ಲುವಲ್ಲಿಗೆ ಐದು ನಿಮಿಷದ ದಾರಿ; ಅದಕ್ಕೂ ಮಹಾರಾಯ ಬೈಕ್ ತೆಗೆಯುತ್ತಿದ್ದ.

ಅಪ್ಪ ಪರಮಣ್ಣ ಬಂದರಿನಲ್ಲಿ ದುಡಿಯುತ್ತಲೇ ನಲವತ್ತೆಂಟನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದವನು. ಶಂಕರಲಿಂಗನಿಗೆ ಈಗ ನಲವತ್ತೇಳು. ನೆನಪಾದಾಗಲೆಲ್ಲ ಅವನಿಗೆ ಭಯವಾಗುತ್ತಿತ್ತು. ಭಯವಾದಾಗಲೆಲ್ಲ ಇನ್ನೊಂದು ತಟ್ಟೆ ಭಜಿ ಹೇಳುತ್ತಿದ್ದ.

ಕಾರ್ಖಾನೆಯಲ್ಲಿ ಇಬ್ಬರಿಗೆ ಹೃದಯಾಘಾತವಾದ ಮೇಲೆ ಮ್ಯಾನೇಜರು ಎಲ್ಲರ ಮುಂಗೈಗೂ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿಸಿದರು. ತಿಂಗಳಲ್ಲಿ ಎಲ್ಲರಿಗಿಂತ ಹೆಚ್ಚು ನಡೆದವರಿಗೆ ಬಹುಮಾನ. ಮೊದಲ ಸಂಜೆ ಪಟ್ಟಿ ನೋಡಿ ಶಂಕರಲಿಂಗನೇ ಬೆಚ್ಚಿದ: ಹದಿನಾಲ್ಕು ಸಾವಿರ!

ಹೆಂಡತಿ ಅಂಬಿಕಾ ನಂಬಲಿಲ್ಲ. "ಪಾಯಖಾನಿಗೆ ಹೋಗಾಕೂ ಗಾಡಿ ಹುಡಕೋ ಮನಷಾ ನೀವು. ಇಷ್ಟ್ ಯಾವಾಗ ನಡದ್ರಿ?"

"ದುಡಿಯವ್ಗ ನಡದದ್ದು ಗೊತ್ತಾಗಂಗಿಲ್ಲ," ಎಂದು ಎದೆಯುಬ್ಬಿಸಿದ.

ವಾರದೊಳಗೆ ಗುಟ್ಟು ತಿಳಿಯಿತು. ಗುಂಡಿ ಬಿದ್ದ ಅಂಗಳದಲ್ಲಿ ಫೋರ್ಕ್‌ಲಿಫ್ಟ್ ಗಡಗಡ ಕುಲುಕಿದಾಗಲೆಲ್ಲ ಪಟ್ಟಿ ಅದನ್ನೇ ಹೆಜ್ಜೆಯೆಂದು ಎಣಿಸುತ್ತಿತ್ತು. ಹೇಳಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಜೊತೆಗಾರ ಕೇಶಪ್ಪ, "ಅಣ್ಣಾ, ನಿನ್ನ ನೋಡಿ ನಾನೂ ನಡಿಯಾಕತ್ತೇನಿ," ಎಂದುಬಿಟ್ಟ. ಭಜಿಗಿಂತ ರುಚಿಯಾಗಿತ್ತು ಆ ಮಾತು, ಸುಮ್ಮನಾದ. ಸೋಜಿಗವೆಂದರೆ, ಬರಬರುತ್ತ ತಾನು ನಡೆಯುತ್ತಿರುವುದು ಖರೆಯೇ ಎಂದು ಅವನಿಗೇ ಅನಿಸತೊಡಗಿತು. ಇಷ್ಟು ನಡೆಯುವವನಿಗೆ ಮೂರನೇ ತಟ್ಟೆ ಏನು ಮಾಡೀತು?

ತಿಂಗಳ ಕೊನೆಗೆ ಮೊದಲ ಬಹುಮಾನ ಅವನಿಗೇ ಬಂತು, ಒಂದು ಜೊತೆ ಓಟದ ಬೂಟು. ಸಮಾರಂಭ ಎರಡನೇ ಮಹಡಿಯಲ್ಲಿ. ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗಿ ತೊಯ್ದು ಮೈಗೆ ಅಂಟಿತು, ಎಡಗೈ ಜೋಮು ಹಿಡಿಯಿತು. ಕಂಬಿ ಹಿಡಿದು ನಿಂತವನಿಗೆ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಆದರೂ ಚಪ್ಪಾಳೆ ಕರೆಯುತ್ತಿತ್ತು, ಹತ್ತಿದ.

ಮ್ಯಾನೇಜರು ಬೂಟು ಕೊಟ್ಟು, ಆರೋಗ್ಯದ ಗುಟ್ಟು ಹೇಳೆಂದು ಮೈಕು ಹಿಡಿದರು.

"ಖರೇ ಹೇಳ್ತೇನ್ರಿ," ಎಂದ ಶಂಕರಲಿಂಗ, ಉಸಿರು ಹುಡುಕುತ್ತ. "ನಡದದ್ದು ನಾ ಅಲ್ರಿ, ಗಾಡಿ. ಈ ಬೂಟು ಅದರ ಗಾಲಿಗೆ ಹಾಕ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಕೇಶಪ್ಪ.

"ನಗಬ್ಯಾಡ್ರೋ! ನನ್ನ ಎದಿ ಹಿಡ್ಯಾಕತ್ತೈತಿ!"

ಅದಕ್ಕೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ಕಂಪನಿಯ ಡಾಕ್ಟರು ಫಿರ್ದೋಸ ಒಬ್ಬರೇ ನಗಲಿಲ್ಲ. ಹುಬ್ಬಳ್ಳಿಯವರು, ಮಾತು ತಮಾಷೆಯದಲ್ಲವೆಂದು ತಿಳಿಯಿತು, ಬೆವರೂ ಕಂಡಿತು. ಓಡಿ ಬಂದು ಅವನನ್ನು ಕೂರಿಸಿ, ಗುಳಿಗೆ ಕೊಟ್ಟು, ಆಂಬುಲೆನ್ಸ್ ಕರೆಸಿದರು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. "ಬಾಯಿ ಮುಚ್ಕೊಂಡು ಮನಿಗೆ ಹೋಗಿದ್ರ ಉಳೀತಿರಲಿಲ್ರಿ," ಎಂದರು ಫಿರ್ದೋಸ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಂಕರಲಿಂಗ ಆ ಬೂಟು ಹಾಕಿಕೊಂಡು, ಅಂಬಿಕಾಳ ಹೆಗಲು ಹಿಡಿದು ಬಸ್ಸು ನಿಲ್ಲುವ ಜಾಗದವರೆಗೆ ನಡೆದ. ಎರಡು ಕಡೆ ಕುಳಿತು ಸುಧಾರಿಸಿಕೊಂಡ. ಅಂಬಿಕಾ ಅವನ ಕೈ ತಿರುಗಿಸಿ ಪಟ್ಟಿ ನೋಡಿದಳು.

"ನಾನೂರಾ ಹತ್ತು. ಇಷ್ಟಽ?"

"ಇಷ್ಟಽ," ಎಂದ ಶಂಕರಲಿಂಗ. ಕಣ್ಣು ತುಂಬಿ ಬಂದಿತ್ತು. "ಎಲ್ಲಾ ನನ್ನವಽ."